ಬೈದರೆ ನಿಲ್ಲುವುದಿಲ್ಲ

9 ವರ್ಷದ ಮಗ ಇನ್ನೂ ಹಾಸಿಗೆ ಒದ್ದೆ ಮಾಡುತ್ತಾನೆ, ಬೈದರೂ ನಿಲ್ಲುತ್ತಿಲ್ಲ ಅಂದಿದ್ದೀರಿ. ಮೊದಲು ಬೈಯುವುದನ್ನು ಬಿಡಿ. ಅವನು ಬೇಕಂತ ಮಾಡುತ್ತಿಲ್ಲ, ನಿದ್ದೆಯಲ್ಲಿ ಅವನಿಗೆ ಗೊತ್ತೇ ಆಗುವುದಿಲ್ಲ.

ಮಲಬದ್ಧತೆ ಇದೆಯಾ ನೋಡಿ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಇದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ. ನೀರು ಹಗಲಲ್ಲೇ ಚೆನ್ನಾಗಿ ಕುಡಿಯಲಿ, ಮಲಗುವ ಮುಂಚೆ ಮೂತ್ರಕ್ಕೆ ಹೋಗಲಿ.

ಚಡ್ಡಿ ಒದ್ದೆಯಾದ ಕೂಡಲೇ ಸದ್ದು ಮಾಡುವ ಅಲಾರಂ ಸಿಗುತ್ತದೆ. ನನಗೆ ಅದರ ಮೇಲೇ ನಂಬಿಕೆ. ಮೊದಮೊದಲು ಮನೆಯವರೆಲ್ಲ ಏಳುತ್ತಾರೆ, ಅವನೊಬ್ಬ ಏಳುವುದಿಲ್ಲ! ನೀವೇ ಎಬ್ಬಿಸಿ ಬಚ್ಚಲಿಗೆ ಕಳಿಸಿ. 2-3 ತಿಂಗಳು ಬೇಕು, ಎರಡೇ ವಾರಕ್ಕೆ ಕೈಬಿಡಬೇಡಿ.

ಆರು ತಿಂಗಳು ನಿಂತು ಮತ್ತೆ ಶುರುವಾಗಿದ್ದರೆ, ಮೂತ್ರ ಮಾಡುವಾಗ ಉರಿ ಅಥವಾ ವಿಪರೀತ ಬಾಯಾರಿಕೆ ಇದ್ದರೆ ಕಾಯದೆ ಡಾಕ್ಟರಿಗೆ ತೋರಿಸಿ.