ಕಲ್ಯಾಣಿಯ ನೀರು ಒಮ್ಮೆಲೇ ಬಸಿಯಬೇಡಿ

ಪ್ರಶ್ನೆ: ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹಳೇ ಕಲ್ಲಿನ ಕಲ್ಯಾಣಿ ಇದೆ. ಹೂಳು ತೆಗೆಸಿ, ನಡಿಗೆ ಪಥ, ಮಕ್ಕಳ ಆಟದ ಜಾಗ, ಪೆಡಲ್ ದೋಣಿ ಮಾಡಿಸುವ ಆಸೆ. ಎರಡೇ ದಿನದಲ್ಲಿ ನೀರೆತ್ತಿ, ಸಂದಿಗಳಿಗೆ ಸಿಮೆಂಟ್ ತುಂಬುತ್ತೇನೆ ಅನ್ನುತ್ತಾರೆ ಗುತ್ತಿಗೆದಾರರು. ಸರಿಯೇ?

ಉತ್ತರ: ಎರಡೂ ಬೇಡ. ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಮುಂದಿನ ನೀರು ಸಟ್ಟನೆ ಇಳಿದರೆ ಆ ಒತ್ತಡಕ್ಕೆ ಎದುರಿಲ್ಲದೆ ಕಲ್ಲುಗಳು ಒಳಕ್ಕೆ ಉಬ್ಬಿ ಕುಸಿಯುತ್ತವೆ. ದಿನಕ್ಕೆ ಒಂದು ಅಡಿಗಿಂತ ಹೆಚ್ಚು ಇಳಿಸಬೇಡಿ. ಸಿಮೆಂಟ್ ಹಾಕಿದರೂ ಇದೇ ಗತಿ: ಸಂದಿಯಲ್ಲಿ ಜಿನುಗಬೇಕಾದ ನೀರು ಹಿಂದೆಯೇ ನಿಲ್ಲುತ್ತದೆ.

ಮೊದಲು ಸಂದಿ ಕೆದಕಿ ನೋಡಿ. ಗಾರೆಯಿಲ್ಲದ ಒಣ ಕಟ್ಟಡವಾದರೆ ಚಕ್ಕೆಕಲ್ಲು ಬಡಿದು ಬಿಗಿ ಮಾಡಿದರೆ ಸಾಕು. ಗಾರೆ ಇದ್ದರೆ ಅರಳಿಸಿದ ಸುಣ್ಣ 1, ಸುರ್ಕಿ (ಸುಟ್ಟ ಇಟ್ಟಿಗೆಯ ಪುಡಿ) 1, ಮರಳು 2 ಪಾಲು. ಮೇಲೆ ಒದ್ದೆ ಗೋಣಿ ಹೊದಿಸಿ, ಒಣಗಲು ಬಿಡಬೇಡಿ. ಸರಿದ ಮೆಟ್ಟಿಲುಗಳಿಗೆ ನಂಬರ್ ಬರೆದು, ಫೋಟೊ ತೆಗೆದೇ ಬಿಚ್ಚಿಸಿ.

ಜೆಸಿಬಿಯನ್ನು ಒಳಗಿಳಿಸಬೇಡಿ, ಮೆಟ್ಟಿಲ ಅಂಚು ಮುರಿಯುತ್ತದೆ. ಹೂಳಿನ ಕೆಳಗೆ ಗಟ್ಟಿ ಜೇಡಿ ಸಿಕ್ಕಿದ ಕೂಡಲೇ ನಿಲ್ಲಿಸಿ; ಅದನ್ನೂ ಬಗೆದರೆ ನೀರು ನಿಲ್ಲದು. ಇದಕ್ಕೆಲ್ಲ ಮುಂಚೆ ಒಳಚರಂಡಿ ಸೋರಿಕೆ ಬಂದ್ ಆಗಬೇಕು, ಮಳೆನೀರು ಬರುವ ಬಾಯಿಗೆ ಹೂಳುಗುಂಡಿ ಆಗಬೇಕು. ಇಲ್ಲದಿದ್ದರೆ ಖರ್ಚೆಲ್ಲ ನೀರಿನಲ್ಲಿ ಹೋಮ.

ಪೆಡಲ್ ದೋಣಿ ಕೆರೆಗೆ ಸರಿ, ಕಲ್ಯಾಣಿಗಲ್ಲ. ನಡಿಗೆ ಪಥ ಮೇಲ್ಮೆಟ್ಟಿಲಿನಿಂದ ಹತ್ತಡಿ ದೂರವಿದ್ದು ಹೊರಕ್ಕೆ ಇಳಿಜಾರಿರಲಿ. ಕಂಬಿಬೇಲಿಗೆ ಹಳೇ ಕಲ್ಲು ಕೊರೆಯಬೇಡಿ. ಆಟದ ಜಾಗ ಬೇಲಿಯಾಚೆ, ಪಾರ್ಕಿನ ಇನ್ನೊಂದು ಮೂಲೆಗೆ. ಕಲ್ಯಾಣಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷಿದ್ಧ. ಅದರಾಚೆ 200 ಮೀಟರ್‌ಗೂ ಅನುಮತಿ ಬೇಕು.