ಇಂಟರ್ನೆಟ್ ಕೇಬಲ್‌ನಿಂದ ಭೂಕಂಪ ಅಳೆಯಬಹುದು ಅನ್ನೋದು ನಿಜವಾ? ಭೌತಶಾಸ್ತ್ರ ಓದಿದವರಿಗೆ ಇದರಲ್ಲಿ ಸಂಶೋಧನೆಗೆ ಜಾಗ ಇದೆಯಾ?

ಎರಡಕ್ಕೂ ಉತ್ತರ ಹೌದು. ನನ್ನ ಕೆಲಸ ಫೈಬರ್ ಲೇಸರ್‌ಗಳ ಕಡೆಯದು, ಆದ್ದರಿಂದ ಗಾಜಿನಿಂದಲೇ ಶುರು ಮಾಡುತ್ತೇನೆ. ಪತ್ರಿಕೆಗಳಲ್ಲಿ "ನೆಲ ಅಲುಗಿದರೆ ಕೇಬಲ್ ಅಲುಗುತ್ತದೆ, ಬೆಳಕು ಬದಲಾಗುತ್ತದೆ" ಅಂತ ಬರೆದು ಮುಗಿಸಿಬಿಡುತ್ತಾರೆ. ಅದು ತಪ್ಪಲ್ಲ. ಆದರೆ ಸ್ವಾರಸ್ಯ ಎಲ್ಲ ಅದರಾಚೆ ಇದೆ.

ನೆಲದಡಿ ಹೂತ ಕೇಬಲ್‌ನೊಳಗೆ ಇರುವುದು ಸಿಲಿಕಾ ಗಾಜಿನ ಎಳೆ. ಬೆಳಕು ಓಡುವ ನಡುಭಾಗದ ಅಗಲ ಸುಮಾರು 9 ಮೈಕ್ರಾನ್ ಅಷ್ಟೇ. ಈ ಗಾಜು ಎಷ್ಟು ಸ್ವಚ್ಛ ಅಂದರೆ, 1550 ನ್ಯಾನೋಮೀಟರ್ ಅಲೆಯುದ್ದದ ಬೆಳಕು 15 ಕಿಲೋಮೀಟರ್ ಓಡಿದ ಮೇಲೂ ಅರ್ಧ ಉಳಿದಿರುತ್ತದೆ. ಉಳಿದರ್ಧ ಎಲ್ಲಿ ಹೋಯಿತು? ಹೆಚ್ಚಿನ ಪಾಲು ಚದುರಿ ಹೋಯಿತು. ಕಾದ ಗಾಜು ತಣ್ಣಗಾಗುವಾಗ ಅದರ ಸಾಂದ್ರತೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಬೆಳಕಿನ ಅಲೆಗಿಂತ ಎಷ್ಟೋ ಚಿಕ್ಕದಾದ ಏರುಪೇರುಗಳು ಹಾಗೇ ಗಟ್ಟಿಯಾಗಿ ಉಳಿದುಬಿಡುತ್ತವೆ. ಎಷ್ಟೇ ಶುದ್ಧ ಮಾಡಿದರೂ ಇವು ಹೋಗುವುದಿಲ್ಲ. ಇವುಗಳಿಂದ ಬೆಳಕು ಚದುರುವುದನ್ನು ರೇಲೀ ಚದುರುವಿಕೆ ಅನ್ನುತ್ತೇವೆ. ಆಕಾಶ ನೀಲಿಯಾಗಿ ಕಾಣುವುದೂ ಇದೇ ಕಾರಣಕ್ಕೆ. ಹೀಗೆ ಚದುರಿದ ಬೆಳಕಲ್ಲಿ ಒಂದು ಚೂರು ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ಆ ಚೂರೇ ನಮ್ಮ ಬಂಡವಾಳ.

ಗಾಜಿನ ಈ ಏರುಪೇರು ಪ್ರತಿ ಎಳೆಗೂ ಬೇರೆ ಬೇರೆ, ಬೆರಳಚ್ಚಿನ ಹಾಗೆ. ಎಳೆ ಒಂಚೂರು ಎಳೆದುಕೊಂಡರೆ, ವಾಪಸ್ ಬರುವ ಬೆಳಕಿನ ಫೇಸ್, ಅಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಅನ್ನುವುದು, ಅಷ್ಟಕ್ಕಷ್ಟೇ ಬದಲಾಗುತ್ತದೆ. ಈಗ ಒಂದು ತುದಿಯಿಂದ ಲೇಸರ್ ಪಲ್ಸ್ ಬಿಡುತ್ತೇವೆ ಅಂದುಕೊಳ್ಳಿ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಒಂದು ಕಿಲೋಮೀಟರ್ ಆಚೆಯಿಂದ ಬೆಳಕು ಹೋಗಿ ಬರಲು 10 ಮೈಕ್ರೋಸೆಕೆಂಡ್ ಬೇಕು. ಹಾಗಾಗಿ ಬೆಳಕು ಯಾವಾಗ ವಾಪಸ್ ಬಂತು ಅಂತ ನೋಡಿದರೆ, ಎಲ್ಲಿಂದ ಬಂತು ಅನ್ನುವುದು ಗೊತ್ತಾಗುತ್ತದೆ. 100 ನ್ಯಾನೋಸೆಕೆಂಡ್ ಪಲ್ಸ್ ಬಿಟ್ಟರೆ ಸುಮಾರು 10 ಮೀಟರ್‌ನ ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಅಳೆಯಬಹುದು. 50 ಕಿಲೋಮೀಟರ್ ಕೇಬಲ್ ಆದರೆ ಸೆಕೆಂಡಿಗೆ 2000 ಪಲ್ಸ್‌ವರೆಗೆ ಬಿಡಬಹುದು. 10 ಮೀಟರ್ ತುಂಡು 10 ನ್ಯಾನೋಮೀಟರ್ ಹಿಗ್ಗಿದರೂ ತಿಳಿಯುತ್ತದೆ. ಇದರ ಹೆಸರು ಡಿಸ್ಟ್ರಿಬ್ಯೂಟೆಡ್ ಅಕೂಸ್ಟಿಕ್ ಸೆನ್ಸಿಂಗ್. ಮಾತಿನಲ್ಲಿ 'ಡ್ಯಾಸ್' ಅನ್ನುತ್ತೇವೆ.

ನನ್ನ ಪಾಲಿನ ಕಷ್ಟ ಇಲ್ಲಿಂದ ಶುರು. ಫೇಸ್ ಅಳೆಯಬೇಕು ಅಂದರೆ ಲೇಸರ್‌ನ ಫೇಸ್ ಮೊದಲು ಸ್ಥಿರವಾಗಿರಬೇಕು ಅಲ್ವಾ? ಇಲ್ಲವಾದರೆ ಅಲುಗಿದ್ದು ನೆಲವೋ ಲೇಸರೋ ಹೇಳಲಾಗುವುದಿಲ್ಲ. 1550 ನ್ಯಾನೋಮೀಟರ್ ಬೆಳಕು ಸೆಕೆಂಡಿಗೆ ಸುಮಾರು 193 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಆ ಕಂಪನಸಂಖ್ಯೆಯ ಹರವು ಕೆಲವೇ ಸಾವಿರ ಹರ್ಟ್ಸ್‌ನೊಳಗೆ ಇರಬೇಕು. ಬಹಳ ಕಡೆ ಇದಕ್ಕೆ ಎರ್ಬಿಯಂ ಅನ್ನುವ ಲೋಹ ಬೆರೆಸಿದ ಫೈಬರ್ ಲೇಸರ್ ಬಳಸುತ್ತಾರೆ. ಕೆಲವೇ ಸೆಂಟಿಮೀಟರ್ ಎಳೆ, ಅದರೊಳಗೆ ನೇರಳಾತೀತ ಬೆಳಕಿನಿಂದ ಬರೆದ ಗ್ರೇಟಿಂಗ್ (ಕನ್ನಡಿಯ ಹಾಗೆ ಬೆಳಕನ್ನು ಹಿಂತಿರುಗಿಸುವ ಗೆರೆಗಳ ಸಾಲು), 980 ನ್ಯಾನೋಮೀಟರ್ ಪಂಪ್, ಅಂದರೆ ಎರ್ಬಿಯಂಗೆ ಶಕ್ತಿ ತುಂಬುವ ಬೆಳಕು. ಪಂಪ್ ಹಾಕಿದ ತಕ್ಷಣ ಎರ್ಬಿಯಂ ಎಳೆ ಹಸಿರಾಗಿ ಹೊಳೆಯುತ್ತದೆ. ಪಂಪ್ ಬೆಳಕಾಗಲಿ ನಮಗೆ ಬೇಕಾದ ಬೆಳಕಾಗಲಿ ಕಣ್ಣಿಗೆ ಕಾಣುವುದಿಲ್ಲ. ಒಂದೇ ಅಯಾನು ಎರಡೆರಡು ಸಲ ಶಕ್ತಿ ಹೀರಿ ಹಸಿರು ಚೆಲ್ಲುತ್ತದೆ. ಅಂದರೆ ಆ ಹೊಳಪು ನಮ್ಮ ಲೆಕ್ಕದಲ್ಲಿ ನಷ್ಟವೇ. ಆದರೂ ಅದನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಗಾಜಿಗೆ ಎರ್ಬಿಯಂ ಸೇರಿಸುವುದು ಸುಲಭ ಅಂತ ಅನ್ನಿಸಬಹುದು. ಆದರೆ ಸಿಲಿಕಾದೊಳಗೆ ಎರ್ಬಿಯಂ ಅಯಾನುಗಳು ಗುಂಪುಕಟ್ಟುತ್ತವೆ. ಗುಂಪಾದರೆ ಒಂದರ ಶಕ್ತಿಯನ್ನು ಇನ್ನೊಂದು ಕಿತ್ತುಕೊಂಡು ಲೇಸರ್ ಸೊರಗುತ್ತದೆ. ಅವುಗಳನ್ನು ಬಿಡಿಬಿಡಿಯಾಗಿ ಇಡಲು ಅಲ್ಯೂಮಿನಿಯಂ ಬೆರೆಸುತ್ತಾರೆ. ನಮ್ಮ ದೇಶದಲ್ಲಿ ಕೋಲ್ಕತಾದ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆಯಲ್ಲಿ ಇಂಥ ಫೈಬರ್ ತಯಾರಿಸುವ ಕೆಲಸ ನಡೆದಿದೆ. ಎರ್ಬಿಯಂ ಇನ್ನೊಂದು ಕಡೆಯೂ ಬೇಕು: ವಾಪಸ್ ಬರುವ ಬೆಳಕು ಬಿಟ್ಟಿದ್ದರ ಹತ್ತು ಲಕ್ಷದಲ್ಲಿ ಒಂದು ಪಾಲಿನ ಆಸುಪಾಸು, ಅದರ ಬಲ ಹೆಚ್ಚಿಸದೆ ಓದಲಾಗುವುದಿಲ್ಲ. 1987ರಲ್ಲಿ ಸೌತಾಂಪ್ಟನ್‌ನ ಡೇವಿಡ್ ಪೇನ್ ತಂಡ ತೋರಿಸಿದ ಎರ್ಬಿಯಂ ಆಂಪ್ಲಿಫೈಯರ್ ಇರದಿದ್ದರೆ ಇವತ್ತಿನ ಇಂಟರ್ನೆಟ್ಟೂ ಇರುತ್ತಿರಲಿಲ್ಲ, ಈ ವಿದ್ಯೆಯೂ ಇರುತ್ತಿರಲಿಲ್ಲ.

ಭೂಮಿಯ ಕಡೆ ಏನು ಸಿಕ್ಕಿದೆ? 2018ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾನೆಸ್‌ನಲ್ಲಿ 15 ಕಿಲೋಮೀಟರ್ ಟೆಲಿಕಾಂ ಕೇಬಲ್‌ನಿಂದ ಭೂಕಂಪ ಮತ್ತು ನೆಲದಡಿಯ ಬಿರುಕುಗಳನ್ನು ಗುರುತಿಸಿದ್ದು ಪ್ರಕಟವಾಯಿತು. ಮರುವರ್ಷ ಕ್ಯಾಲಿಫೋರ್ನಿಯಾದ ಮಾಂಟರೇ ಕೊಲ್ಲಿಯ ಫಲಿತಾಂಶ ಬಂತು. ಸಮುದ್ರದಡಿಯ ಕೇಬಲ್ ದುರಸ್ತಿಗೆ ಅಂತ ಬಿಡುವಾಗಿದ್ದ ನಾಲ್ಕೇ ದಿನದಲ್ಲಿ, 20 ಕಿಲೋಮೀಟರ್ ಉದ್ದಕ್ಕೂ ಅಳೆದು, ನಕ್ಷೆಯಲ್ಲಿ ಇಲ್ಲದ ಬಿರುಕುಗಳನ್ನು ತೋರಿಸಿದರು. ನನ್ನನ್ನು ಜಾಸ್ತಿ ಹಿಡಿದು ಕೂರಿಸಿದ್ದು ಮತ್ತೆ ಐಸ್‌ಲ್ಯಾಂಡೇ. 2023ರ ನವೆಂಬರ್‌ನಲ್ಲಿ ಜ್ವಾಲಾಮುಖಿಯ ಭಯದಿಂದ ಗ್ರಿಂಡಾವಿಕ್ ಊರನ್ನು ಖಾಲಿ ಮಾಡಿಸಿದ ಮೇಲೆ, ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ತಂಡ ಅಲ್ಲಿನ ಸುಮಾರು 100 ಕಿಲೋಮೀಟರ್ ಕೇಬಲ್‌ಗೆ ಯಂತ್ರ ಜೋಡಿಸಿತು. ಶಿಲಾರಸ ನುಗ್ಗುವಾಗ ನೆಲ ನಿಧಾನಕ್ಕೆ ಹಿಗ್ಗುವುದು ಕುಗ್ಗುವುದು ನಿಮಿಷ ನಿಮಿಷಕ್ಕೂ ಕಂಡಿತು. ಲಾವಾ ಹೊರಬರುವ ಮೊದಲೇ, ಕೆಲವೊಮ್ಮೆ ಅರ್ಧ ಗಂಟೆಯವರೆಗೂ ಮುಂಚೆ, ಸೂಚನೆ ಸಿಗಬಹುದು ಅಂತ ಗೊತ್ತಾಯಿತು. ಆ ಅರ್ಧ ಗಂಟೆಯಲ್ಲಿ ಜನ ಊರು ಬಿಟ್ಟು ಹೊರಡಬಹುದು.

ನಮ್ಮಲ್ಲಿಗೆ ಬರೋಣ. ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪಮಾಪಕಗಳ ಒಂದು ಸಾಲು ಇದೆ. ಎಲ್ ಆಕಾರದಲ್ಲಿ 20 ಮಾಪಕಗಳು, ಭಾಭಾ ಅಣು ಸಂಶೋಧನಾ ಕೇಂದ್ರದ್ದು. ದೂರದ ಅಣುಸ್ಫೋಟ ಪತ್ತೆಹಚ್ಚುವಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. ಒಂದೇ ಕೇಬಲ್ ಸಾವಿರಾರು ಕಡೆ ಅಳೆಯುತ್ತದೆ ಅಂದ ಮಾತ್ರಕ್ಕೆ ಇಂಥ ಮಾಪಕಗಳು ಬೇಡ ಅಂತಲ್ಲ. ಒಳ್ಳೆಯ ಭೂಕಂಪಮಾಪಕ ಮೂರೂ ದಿಕ್ಕಿನ ಚಲನೆ ಹೇಳುತ್ತದೆ. ಫೈಬರ್ ತನ್ನ ಉದ್ದಕ್ಕೆ ಆಗುವ ಹಿಗ್ಗು ಕುಗ್ಗನ್ನಷ್ಟೇ ಹೇಳುತ್ತದೆ, ಅಡ್ಡಲಾಗಿ ಬರುವ ಅಲೆಗೆ ಅದು ಸ್ವಲ್ಪ ಕಿವುಡು. ಕೇಬಲ್ ಪೈಪಿನೊಳಗೆ ಸಡಿಲವಾಗಿ ಬಿದ್ದಿದ್ದರೆ ನೆಲದ ಅಲುಗಾಟ ಪೂರ್ತಿ ದಾಟುವುದೂ ಇಲ್ಲ. ಜೊತೆಗೆ, ಮ್ಯಾನ್‌ಹೋಲ್‌ಗಳಲ್ಲಿ ಹತ್ತಿಪ್ಪತ್ತು ಮೀಟರ್ ಫೈಬರ್ ಸುರುಳಿ ಸುತ್ತಿ ಇಟ್ಟಿರುತ್ತಾರೆ. ಹಾಗಾಗಿ ಬೆಳಕಿನ ಲೆಕ್ಕದ 8 ಕಿಲೋಮೀಟರ್ ರಸ್ತೆಯ 8 ಕಿಲೋಮೀಟರ್ ಆಗಿರುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ ಹಿಡಿಯುವ ದಾರಿ ಇದು. ರಸ್ತೆಗುಂಟ ನಡೆದು, ಅಲ್ಲಲ್ಲಿ ಸುತ್ತಿಗೆಯಿಂದ ನೆಲಕ್ಕೆ ಹೊಡೆದು, ಜಿಪಿಎಸ್ ಬರೆದುಕೊಂಡು, ಆ ಏಟು ಯಾವ ಚಾನೆಲ್‌ನಲ್ಲಿ, ಅಂದರೆ ಫೈಬರಿನ ಯಾವ ತುಂಡಿನಲ್ಲಿ, ಬಂತು ಅಂತ ನೋಡಬೇಕು. ಬಿಸಿಲಿನ ಕೆಲಸ, ಆದರೆ ಇದನ್ನು ಸರಿಯಾಗಿ ಮಾಡದಿದ್ದರೆ ಮುಂದಿನ ಲೆಕ್ಕಗಳಿಗೆ ಅರ್ಥವೇ ಇಲ್ಲ.

ನನಗೆ ಆಸೆ ಇರುವುದು ಅಂಡಮಾನ್ ಮೇಲೆ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಬಿರುಕು ಸುಮಾತ್ರಾದಿಂದ ಆ ದ್ವೀಪಗಳವರೆಗೂ ಓಡಿತ್ತು. ಈಗ ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೂ (ಈಗಿನ ಹೆಸರು ಶ್ರೀ ವಿಜಯಪುರಂ), ಅಲ್ಲಿಂದ ಬೇರೆ ದ್ವೀಪಗಳಿಗೂ ಸುಮಾರು 2300 ಕಿಲೋಮೀಟರ್ ಸಮುದ್ರ ಕೇಬಲ್ ಇದೆ, 2020ರಲ್ಲಿ ಉದ್ಘಾಟನೆಯಾಯಿತು. ಸಾಮಾನ್ಯವಾಗಿ ಡ್ಯಾಸ್ ದಡದಿಂದ ಮೊದಲ ರಿಪೀಟರ್‌ವರೆಗೆ (ದಾರಿಯಲ್ಲಿ ಸೊರಗಿದ ಬೆಳಕಿಗೆ ಮತ್ತೆ ಬಲ ತುಂಬುವ ಸಾಧನ) ಮಾತ್ರ ನಡೆಯುತ್ತದೆ. ರಿಪೀಟರ್ ಬೆಳಕನ್ನು ಹಿಂದಕ್ಕೆ ಬಿಡುವುದಿಲ್ಲ. ಅದರಾಚೆಗೆ ಬೇರೆ ದಾರಿಗಳಿವೆ. ಬ್ರಿಟನ್ನಿನ ಜುಸೆಪ್ಪೆ ಮಾರ್ರಾ ತಂಡ 2018ರಲ್ಲಿ ಅತಿ ಸ್ಥಿರವಾದ ಲೇಸರ್‌ನಿಂದ, ಕ್ಯಾಲ್ಟೆಕ್‌ನ ಝೋಂಗ್‌ವೆನ್ ಝಾನ್ ತಂಡ 2021ರಲ್ಲಿ ಲಾಸ್ ಏಂಜಲೀಸ್ ಮತ್ತು ಚಿಲಿ ನಡುವಿನ ಗೂಗಲ್ ಕೇಬಲ್‌ನಲ್ಲಿ ಬೆಳಕಿನ ಧ್ರುವೀಕರಣ (ಅಲೆ ಕಂಪಿಸುವ ದಿಕ್ಕು) ನೋಡಿ ಭೂಕಂಪ ಗುರುತಿಸಿವೆ. ಎರಡನೆಯದಕ್ಕೆ ಹೊಸ ಯಂತ್ರವೂ ಬೇಕಿರಲಿಲ್ಲ, ಕಂಪನಿಯ ಬಳಿ ಮೊದಲೇ ಇದ್ದ ಮಾಹಿತಿ ಸಾಕಾಯಿತು. ಸುನಾಮಿ ಹುಟ್ಟುವ ಜಾಗದ ಹತ್ತಿರವೇ ನಮ್ಮ ಕೇಬಲ್ ಇರುವಾಗ ಅದರ ಒಂದು ಎಳೆಯನ್ನಾದರೂ ವಿಜ್ಞಾನಿಗಳಿಗೆ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಊರೊಳಗಿನ ಕೇಬಲ್ ವಿಷಯದಲ್ಲಿ ಮಾತ್ರ ನಾನು ಹುಷಾರಾಗಿರಿ ಅನ್ನುತ್ತೇನೆ. ಅದರಲ್ಲಿ ವಾಹನಗಳು ಪರದೆ ಮೇಲೆ ಓರೆ ಗೆರೆಗಳಾಗಿ ಕಾಣುತ್ತವೆ, ಗೆರೆಯ ಓರೆ ನೋಡಿ ವೇಗ ಹೇಳಬಹುದು. ಕೇಬಲ್ ಹತ್ತಿರ ನಡೆದಾಡಿದರೆ ಹೆಜ್ಜೆಯೂ ಕಾಣುತ್ತದೆ. ಆ ಮಾಹಿತಿ ಯಾರ ಕೈಯಲ್ಲಿರಬೇಕು, ಎಷ್ಟು ದಿನ ಇಡಬೇಕು ಅಂತ ಮೊದಲೇ ನಿಯಮ ಮಾಡಿಕೊಳ್ಳಬೇಕು.

ನಿಮ್ಮ ಎರಡನೇ ಪ್ರಶ್ನೆಗೆ ಬಂದರೆ, ಜಾಗ ಧಾರಾಳವಾಗಿದೆ. ಗಾಜಿನ ರಸಾಯನ ಇಷ್ಟವಾದರೆ ಫೈಬರ್ ತಯಾರಿಕೆ, ಎಲೆಕ್ಟ್ರಾನಿಕ್ಸ್ ಬಂದರೆ ಲೇಸರ್, ಕೋಡ್ ಬರೆಯಲು ಬಂದರೆ ಡೇಟಾ. ದಿನಕ್ಕೆ ಟೆರಾಬೈಟ್ ಲೆಕ್ಕದಲ್ಲಿ ಬರುವ ಡೇಟಾದಲ್ಲಿ ಲಾರಿ ಯಾವುದು, ಭೂಕಂಪ ಯಾವುದು ಅಂತ ಬೇರ್ಪಡಿಸುವವರು ಎಲ್ಲ ಕಡೆ ಬೇಕಾಗಿದ್ದಾರೆ. ನನ್ನ ಸಲಹೆ ಕೇಳಿದರೆ, ಲ್ಯಾಬ್ ಆರಿಸುವ ಮೊದಲು ಅಲ್ಲಿಗೆ ಹೋಗಿ ಒಂದು ಸ್ಪ್ಲೈಸ್ ಮಾಡಿಸಿಕೊಡಿ ಅಂತ ಕೇಳಿ. ಕೋಟಿಂಗ್ ಸುಲಿದು, ಆಲ್ಕೋಹಾಲ್‌ನಲ್ಲಿ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಎರಡು ಎಳೆಗಳನ್ನು ಕಿಡಿಯಲ್ಲಿ ಬೆಸೆಯುವ ಆ ಕೆಲಸ ನಿಮ್ಮ ಕೈಗೆ ಹಿಡಿಸಿದರೆ ಲೇಸರ್ ಕಡೆ ಬನ್ನಿ. ಹಿಡಿಸದಿದ್ದರೆ ಡೇಟಾ ಕಡೆ ಹೋಗಿ, ಅಲ್ಲೂ ಅಷ್ಟೇ ಕೆಲಸ ಇದೆ.