ತಲೆನೋವಿಗೆ ಹೋದ ಮಗನಿಗೆ ಕೋವಿಯ ಪ್ರಶ್ನೆ ಏಕೆ?

ಪ್ರಶ್ನೆ: ನಮ್ಮದು ಸಣ್ಣ ಕಾಫಿ ತೋಟ. ತಲೆನೋವು, ನಿದ್ರೆ ಬರುವುದಿಲ್ಲ ಎನ್ನುತ್ತಿದ್ದ ಹದಿನೈದು ವರ್ಷದ ಮಗನನ್ನು ವೈದ್ಯರಲ್ಲಿಗೆ ಕರೆದೊಯ್ದಾಗ, ಅವರು ನನ್ನನ್ನು ಹೊರಗೆ ಕೂರಿಸಿ, ಮನೆಯಲ್ಲಿ ಕೋವಿ ಇದೆಯೇ, ಯಾರಾದರೂ ಕೋವಿ ತೋರಿಸಿ ಹೆದರಿಸಿದ್ದುಂಟೇ ಎಂದು ಅವನನ್ನು ಕೇಳಿದರಂತೆ. ನಮ್ಮದು ಬೆಳೆ ರಕ್ಷಣೆಗಾಗಿ ಪರವಾನಗಿ ಪಡೆದ ಕೋವಿ. ವೈದ್ಯರು ಇದನ್ನೆಲ್ಲ ಕೇಳಬಹುದೇ?
– ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಕೇಳಬಹುದು, ನಿದ್ರೆಗೆಟ್ಟ ಹುಡುಗನನ್ನು ಕೇಳಲೇಬೇಕು. ಹದಿಹರೆಯದವರನ್ನು ಕೆಲವು ನಿಮಿಷ ಪ್ರತ್ಯೇಕವಾಗಿ ಮಾತನಾಡಿಸುವುದು ಎಲ್ಲೆಡೆ ಒಪ್ಪಿತವಾದ ಪದ್ಧತಿ. ನಿಮ್ಮ ಪರವಾನಗಿಯನ್ನು ಅವರು ಶಂಕಿಸಿಲ್ಲ.

ಅಮೆರಿಕದಲ್ಲಿ 2020ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಬಂದೂಕೇ ಮೊದಲ ಕಾರಣವಾಯಿತು. ಅಲ್ಲಿಯೂ ನಿಮ್ಮಂತೆಯೇ ಆಕ್ಷೇಪಿಸಿದವರಿದ್ದರು. ವೈದ್ಯರು ಬಂದೂಕಿನ ಬಗ್ಗೆ ಕೇಳುವುದನ್ನು ನಿರ್ಬಂಧಿಸಿ ಫ್ಲಾರಿಡಾ ರಾಜ್ಯವು 2011ರಲ್ಲಿ ಮಾಡಿದ ಕಾನೂನಿನ ಮುಖ್ಯ ಭಾಗಗಳನ್ನು 2017ರಲ್ಲಿ ನ್ಯಾಯಾಲಯ ರದ್ದುಪಡಿಸಿತು. 14ರಿಂದ 24 ವರ್ಷದವರಿಗೆಂದು ಅಲ್ಲಿ ರೂಪಿಸಿದ ಒಂದು ಕಿರು ಪ್ರಶ್ನಾವಳಿಯು ಹೊಡೆದಾಟ, ಆಯುಧ ಇಟ್ಟುಕೊಳ್ಳುವ ಗೆಳೆಯರು, ಸುತ್ತಮುತ್ತ ಕೇಳುವ ಗುಂಡಿನ ಸದ್ದು, ಕೋವಿಯ ಬೆದರಿಕೆ ಎಂಬ ನಾಲ್ಕು ವಿಷಯಗಳನ್ನಷ್ಟೇ ವಿಚಾರಿಸುತ್ತದೆ.

ಅದನ್ನು ಹಾಗೆಯೇ ಇಲ್ಲಿಗೆ ತಂದರೆ ಸಲ್ಲದು. ಆನೆ, ಕಾಡುಹಂದಿಗಳನ್ನು ಬೆದರಿಸುವ ಈಡಿನ ಸದ್ದು ಕೇಳದ ಮಗು ನಮ್ಮ ಮಲೆನಾಡಿನಲ್ಲಿ ಎಲ್ಲಿದೆ? ಇಲ್ಲಿ ಕೇಳಬೇಕಾದದ್ದು ಬೇರೆ: ರಾತ್ರಿ ಷಿಕಾರಿಗೆ ಅವನನ್ನು ಜೊತೆಗೆ ಒಯ್ಯುತ್ತಾರೆಯೇ, ಗುಂಡು ತಗುಲಿದವರನ್ನು ಕಣ್ಣಾರೆ ಕಂಡಿದ್ದಾನೆಯೇ, ಕುಡಿದ ಜಗಳದಲ್ಲಿ ಯಾರಾದರೂ ಕೋವಿಗೆ ಕೈ ಹಾಕಿದ್ದುಂಟೇ, ಬೀರುವಿನ ಬೀಗದ ಕೈ ಎಲ್ಲಿದೆಯೆಂದು ಅವನಿಗೆ ಗೊತ್ತೇ. ನನ್ನ ಮಟ್ಟಿಗೆ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಎಳೆಯ ವಯಸ್ಸಿನಲ್ಲಿ ಸಾಯುವ ಯೋಚನೆ ಅನೇಕ ವೇಳೆ ದಿಢೀರನೆ ಬಂದು ಸ್ವಲ್ಪ ಹೊತ್ತಿನಲ್ಲೇ ತಗ್ಗುತ್ತದೆ. ಆ ಹೊತ್ತಿನಲ್ಲಿ ಕೋವಿ ಕೈಗೆಟುಕಿದರೆ ಮರಳಿ ಯೋಚಿಸುವ ಅವಕಾಶವೇ ಉಳಿಯುವುದಿಲ್ಲ.

ಆದುದರಿಂದ ಕೋವಿಯಿಂದ ತೋಟಾ ತೆಗೆದು ಬೀಗ ಹಾಕಿಡಿ, ತೋಟಾಗಳನ್ನು ಬೇರೆ ಕಡೆ ಬೇರೆ ಬೀಗದಲ್ಲಿಡಿ. ದೊಡ್ಡವರು ಬಚ್ಚಿಟ್ಟ ಜಾಗ ಮಕ್ಕಳಿಗೆ ಗೊತ್ತಿರುವುದೇ ಹೆಚ್ಚು. ಬೀಗದ ಕೈ ನಿಮ್ಮ ಬಳಿಯೇ ಇರಲಿ. ಮಗನ ಮನಸ್ಸು ಕುಗ್ಗಿದೆಯೆಂದು ವೈದ್ಯರು ಹೇಳಿದರೆ, ಚುನಾವಣೆಯ ಸಮಯದಲ್ಲಿ ಠಾಣೆಗೆ ಒಪ್ಪಿಸುವಂತೆ ಈಗಲೂ ಕೆಲಕಾಲ ಕೋವಿಯನ್ನು ಮನೆಯಿಂದ ಹೊರಗಿಡಲು ಸಾಧ್ಯವೇ ಎಂದು ಠಾಣೆಯಲ್ಲಿ ವಿಚಾರಿಸಿ. ಒಳಗೆ ಏನು ಹೇಳಿದೆಯೆಂದು ಅವನನ್ನು ಕೆದಕಬೇಡಿ; ಜೀವಕ್ಕೆ ಅಪಾಯವಿರುವ ಸಂಗತಿಯನ್ನು ವೈದ್ಯರೇ ನಿಮಗೆ ತಿಳಿಸುತ್ತಾರೆ. ರಾತ್ರಿ ವೇಳೆ ಆತಂಕವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲಿಯೇ ಮಾತನಾಡುತ್ತಾರೆ.